ಆಕ್ಸಿಡೆಂಟ್ ಆದ್ಮೇಲೆ ಅಣ್ಣಂಗೆ ನಿದ್ದೆ ಇಲ್ಲ, ಕುಡಿತ ಜಾಸ್ತಿ ಆಗಿದೆ. ಯಾವುದಕ್ಕೆ ಮೊದಲು ಟ್ರೀಟ್‌ಮೆಂಟ್ ಕೊಡಿಸ್ಬೇಕು?

ಹೇಮಾವತಿ_ತೀರ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ಮಣ್ಣ ಲಾರಿ ಡ್ರೈವರ್, ನಾವು ಹಾಸನ ಸೈಡು. ಹೋದ್ವರ್ಷ ಮಳೆಗಾಲದಲ್ಲಿ ಘಾಟಿ ಇಳಿಯೋವಾಗ ಲಾರಿ ಪಲ್ಟಿ ಆಯ್ತು, ಕ್ಲೀನರ್ ಹುಡುಗ ಕ್ಯಾಬಿನ್ನಲ್ಲೇ ಸಿಕ್ಕಾಕ್ಕೊಂಡು ತೀರ್ಕೊಂಡ, ಕ್ರೇನ್ ಬರೋವರ್ಗೂ ಅಣ್ಣ ಅವನ ಪಕ್ಕದಲ್ಲೇ ಅಲ್ಲಾಡಕ್ಕಾಗ್ದೆ ಬಿದ್ದಿದ್ದ. ಅಣ್ಣಂಗೆ ಕಾಲಿಗೆ ರಾಡ್ ಹಾಕಿದ್ರು, ಕಾಲೇನೋ ಸರಿಹೋಯ್ತು. ಆದ್ರೆ ರಾತ್ರಿ ಕಿರುಚ್ಕೊಂಡು ಎದ್ದು ಕೂತ್ಕೋತಾನೆ, ಡೀಸೆಲ್ ವಾಸನೆ ಬಂದ್ರೆ ಬೆವರ್ತಾನೆ, ಬಂಕ್ ಇರೋ ರೋಡಲ್ಲಿ ಹೋಗಲ್ಲ, ಎರಡು ಕಿಲೋಮೀಟರ್ ಸುತ್ತಾಕ್ಕೊಂಡು ಬರ್ತಾನೆ. ಆ ಹುಡುಗನ ಊರಿನ ಹೆಸರು ಮನೇಲಿ ಯಾರೂ ಎತ್ತೋ ಹಾಗಿಲ್ಲ. ಮುಂಚೆ ಅಪರೂಪಕ್ಕೆ ಫ್ರೆಂಡ್ಸ್ ಜೊತೆ ಕುಡೀತಿದ್ದೋನು ಈಗ ದಿನಾ ಎರಡು ಕ್ವಾರ್ಟರ್, ಬೆಳಿಗ್ಗೆ ಕೈ ನಡುಗುತ್ತೆ ಅಂತ ಟೀಗಿಂತ ಮುಂಚೆನೇ ಒಂದು ನೈಂಟಿ.

ಒಂದು ಡಿ-ಅಡಿಕ್ಷನ್ ಸೆಂಟರ್‌ಗೆ ಕರ್ಕೊಂಡು ಹೋದ್ವಿ, ಅವ್ರು ಮೊದಲು ಆರು ತಿಂಗಳು ಕುಡಿಯೋದು ನಿಲ್ಸ್ಲಿ ಆಮೇಲೆ ಮನಸ್ಸಿನ ವಿಷಯ ನೋಡೋಣ ಅಂದ್ರು. ಯಾರೋ ಹೇಳಿದ್ರು ಅಂತ ಕೌನ್ಸೆಲರ್ ಒಬ್ರ ಹತ್ರ ಹೋದ್ವಿ, ಅವ್ರು ಕುಡಿಯೋ ಪೇಷೆಂಟ್‌ನ ನಾನು ತಗೊಳ್ಳಲ್ಲ ಅಂದ್ರು. ಅಣ್ಣ ಹೇಳೋದು ಒಂದೇ, ಕುಡೀದೆ ಇದ್ರೆ ಕಣ್ಮುಚ್ಚಕ್ಕಾಗಲ್ಲ ಅಂತ. ಅತ್ತ ಹೋದ್ರೆ ಇತ್ತ ಕಳಿಸ್ತಾರೆ, ಇತ್ತ ಬಂದ್ರೆ ಅತ್ತ. ಇಂಥದ್ದು ಅನುಭವಿಸಿರೋರು ಯಾರಾದ್ರೂ ಇದ್ರೆ ಹೇಳಿ, ಎಲ್ಲಿಂದ ಶುರು ಮಾಡ್ಬೇಕು?

ದಿನಕ್ಕೊಂದು
ತಂಗಿ, ನಾನು ಕುಡಿತ ಬಿಟ್ಟು ಎಷ್ಟೋ ವರ್ಷ ಆಯ್ತು, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ರಿಗೊಬ್ರು ಆಸರೆಯಾಗೋ ಗುಂಪು) ಮೀಟಿಂಗ್‌ಗೆ ಈಗ್ಲೂ ಹೋಗ್ತೀನಿ. ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಕುಡಿಯೋನಿಗೆ ಕಾರಣ ಯಾವಾಗ್ಲೂ ಇರುತ್ತೆ, ನನಗೂ ಇತ್ತು. ಮೊದಲು ಬಾಟ್ಲಿ ಕೆಳಗಿಡ್ಬೇಕು, ಉಳಿದಿದ್ದೆಲ್ಲ ಆಮೇಲೆ. ಕುಡಿತದಲ್ಲಿರೋವಾಗ ಹಳೇದೆಲ್ಲ ಕೆದಕಿದ್ರೆ ಥೆರಪಿ ರೂಮಿಂದ ಸೀದಾ ಬಾರಿಗೆ ಹೋಗ್ತಾನೆ, ಇದನ್ನ ಕಣ್ಣಾರೆ ನೋಡಿದ್ದೀನಿ.

ಹುಬ್ಬಳ್ಳಿ ಸಿಸ್ಟರ್
ಅಣ್ಣಾರ, ನಿಮ್ಮ ಮಾತು ಅರ್ಧ ಖರೆ ಐತಿ, ಆದ್ರ ಬಾಟ್ಲಿ ಕೆಳಗಿಡೂದು ಹೆಂಗ ಅನ್ನೂದು ಮೊದ್ಲ ಹೇಳ್ಬೇಕಲ್ರೀ. ತಂಗೀ ನೀ ಕೇಳಿಲ್ಲಿ, ಮುಂಜಾನೆ ಎದ್ದಕೂಡ್ಲೆ ಕೈ ನಡುಗತಾವ, ಕುಡದ್ರ ನಿಲ್ತಾವ ಅಂದ್ರ ಮೈಗೆ ಹತ್ತೈತಿ ಅಂತ ಅರ್ಥ. ಇಂಥವ್ರನ್ನ ಮನ್ಯಾಗ ಕೂಡಿಹಾಕಿ ಒಮ್ಮೆಲೆ ಬಿಡಿಸಾಕ ಹೋಗಬ್ಯಾಡ್ರಿ. ನಾ ಸೈಕಿಯಾಟ್ರಿ ವಾರ್ಡಿನ್ಯಾಗ ಡ್ಯೂಟಿ ಮಾಡಾಕಿ. ಬಿಟ್ಟ ಮೊದಲ್ನೇ ಎರಡು ದಿನದಾಗ ಫಿಟ್ಸ್ ಬರಬಹುದು, ಎರಡ್ನೇದು ಮೂರ್ನೇ ದಿನಕ್ಕ ಡಿಟಿ ಅಂತೀವಿ ನಾವು, ಜ್ವರ, ಬೆವರು, ಗ್ವಾಡಿ ಮ್ಯಾಲೆ ಹುಳ ಹರದಂಗ ಕಾಣೂದು, ತಾ ಎಲ್ಲಿದೀನಿ ಅನ್ನೂದ ಗೊತ್ತಾಗಂಗಿಲ್ಲ. ಇದ್ರಾಗ ಜೀವ ಹೋಗತೈತ್ರಿ, ಸುಮ್ನ ಹೇಳಾಕತ್ತಿಲ್ಲ. ಒಬ್ಬವ್ರು ಡ್ರೈವರ್ ಬಂದಿದ್ರು, ಮಂಚದ ಮ್ಯಾಲೆ ಕುಂತು ಗಾಳ್ಯಾಗ ಗೇರ್ ಹಾಕಾಕತ್ತಿದ್ರು, ರಾತ್ರಿ ಪೂರ್ತಿ. ಮನಿಯವ್ರು ಗಾಳಿ ಸೋಕೇತಿ ಅಂತ ತಾಯತ ಕಟ್ಟಿಸ್ಕೊಂಡು ಬಂದಿದ್ರು.

ಇನ್ನೊಂದು, ನಮ್ ಮಂದಿ ಸುಸ್ತು ಅಂದಕೂಡ್ಲೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲುಕೋಸ್ ಏರಸ್ರಿ ಅಂತಾರ. ದಿನಾ ಕುಡಿಯವ್ರಿಗೆ ಥಯಾಮಿನ್, ಅಂದ್ರ ಬಿ1 ವಿಟಮಿನ್, ಮೈಯಾಗ ಭಾಳ ಸಲ ಕಮ್ಮಿ ಇರತೈತಿ. ಅದನ್ನ ಕೊಡದ ಬರೀ ಗ್ಲುಕೋಸ್ ಏರಿಸಿದ್ರ ಮಿದುಳಿಗೆ ಪೆಟ್ಟು ಬೀಳಬಹುದು. ಯಾ ದವಾಖಾನಿಗೆ ಹೋದ್ರೂ ಇವ್ರು ದಿನಾ ಇಷ್ಟು ಕುಡಿತಾರ್ರಿ ಅಂತ ಮುಚ್ಚುಮರಿ ಮಾಡದ ಮೊದ್ಲ ಹೇಳ್ರಿ. ಮರ್ಯಾದಿ ಆಮ್ಯಾಲೆ ನೋಡ್ಕೊಂಡ್ರಾತು.

ಹೇಮಾವತಿ_ತೀರ
ಅಯ್ಯೋ ಸಿಸ್ಟರ್, ಮುಂದಿನ ವಾರ ಮಾವನ ತೋಟದ ಮನೇಲಿ ಇಟ್ಕೊಂಡು ಬಿಡಿಸೋಣ ಅಂತ ಮನೇಲಿ ಮಾತಾಗಿತ್ತು. ಇವತ್ತೇ ಬೇಡ ಅಂತ ಹೇಳ್ತೀನಿ.

ಮನೋಪಥ_ಮೈಸೂರು
ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಟ್ರಾಮಾ, ಅಂದ್ರೆ ಮನಸ್ಸಿಗೆ ಆಘಾತ ಆಗಿರೋ ಕೇಸ್‌ಗಳು ಜಾಸ್ತಿ ನೋಡೋದು. ಅಣ್ಣನ್ನ ನೋಡ್ದೆ ಇದೇ ಕಾಯಿಲೆ ಅಂತ ಹೇಳಕ್ಕಾಗಲ್ಲ, ಆದ್ರೆ ನೀವು ಬರೆದಿರೋದು ಪಿಟಿಎಸ್‌ಡಿ (ದೊಡ್ಡ ಆಘಾತ ಆದ್ಮೇಲೆ ಬಿಡದೆ ಕಾಡೋ ಮಾನಸಿಕ ಕಾಯಿಲೆ) ಥರನೇ ಇದೆ, ಜೊತೆಗೆ ಮದ್ಯದ ಅವಲಂಬನೆ. ಎರಡೂ ಒಟ್ಟಿಗಿರೋದು ಅಪರೂಪ ಏನಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸರ್ವೆಯಲ್ಲಿ ಪಿಟಿಎಸ್‌ಡಿ ಇದ್ದ ಗಂಡಸರಲ್ಲಿ ಶೇ. 88, ಹೆಂಗಸರಲ್ಲಿ ಶೇ. 79 ಜನಕ್ಕೆ ಜೀವನದಲ್ಲಿ ಯಾವಾಗಾದ್ರೂ ಇನ್ನೊಂದು ಮಾನಸಿಕ ಕಾಯಿಲೆನೂ ಇತ್ತು, ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕುಡಿತದ ಸಮಸ್ಯೆ. ಹಂಗಾಗಿ "ಕುಡಿಯೋ ಪೇಷೆಂಟ್ ತಗೊಳ್ಳಲ್ಲ" ಅನ್ನೋ ಟ್ರಾಮಾ ಥೆರಪಿಸ್ಟ್ ಯಾರನ್ನ ತಗೋತಾರೋ ನನಗಂತೂ ಗೊತ್ತಾಗಲ್ಲ.

ಅಣ್ಣ ಕುಡೀದೆ ಕಣ್ಮುಚ್ಚಕ್ಕಾಗಲ್ಲ ಅಂತಿರೋದು ನೆಪ ಅಲ್ಲ. ಮದ್ಯ ಬೇಗ ನಿದ್ದೆ ಬರಿಸುತ್ತೆ, ಆದ್ರೆ ಮಧ್ಯರಾತ್ರಿ ಅದರ ಅಮಲು ಇಳಿಯೋ ಹೊತ್ತಿಗೆ ಕನಸಿನ ನಿದ್ದೆ ಒತ್ತರಿಸ್ಕೊಂಡು ಬರುತ್ತೆ, ಕೆಟ್ಟ ಕನಸು ಇನ್ನೂ ಜೋರಾಗುತ್ತೆ, ಅದಕ್ಕೆ ಮಾರನೇ ದಿನ ಇನ್ನಷ್ಟು ಕುಡಿತ. ಜೊತೆಗೆ ಪಿಟಿಎಸ್‌ಡಿ ಗಟ್ಟಿಯಾಗಿ ಕೂರೋದೇ ತಪ್ಪಿಸ್ಕೊಳ್ಳೋದ್ರಿಂದ. ಬಂಕ್ ರೋಡ್ ಬಿಟ್ಟು ಸುತ್ತಾಕೋದು, ಊರಿನ ಹೆಸರು ಎತ್ತದೇ ಇರೋದು, ಕ್ವಾರ್ಟರ್ ಹಾಕೋದು, ಈ ಮೂರೂ ಒಂದೇ ಕೆಲಸ ಮಾಡ್ತಿವೆ. ಆರು ತಿಂಗಳು ಬರೀ ಕುಡಿತ ನಿಲ್ಸು ಅಂದ್ರೆ ಅವನ ಹತ್ರ ಇರೋ ಒಂದೇ ಒಂದು ಔಷಧಿ ಕಿತ್ಕೊಂಡು ಬದಲಿಗೆ ಏನೂ ಕೊಡದೇ ಇದ್ದಂಗೆ, ಆಗ ಕನಸುಗಳು ಪೂರ್ತಿ ಬಲದಲ್ಲಿ ಬರ್ತಾವೆ, ಮೂರನೇ ವಾರಕ್ಕೆ ಮತ್ತೆ ಕುಡೀತಾನೆ, ಎಲ್ರೂ ಸೇರಿ "ಇವನಿಗೆ ಮನಸ್ಸಿಲ್ಲ" ಅಂತ ತೀರ್ಪು ಕೊಡ್ತಾರೆ.

ಈಗ ದಿನಕ್ಕೊಂದು ಅವರ ಮಾತಿಗೆ ಬರ್ತೀನಿ. ಕೆದಕಿದ್ರೆ ಕುಡಿತ ಜಾಸ್ತಿ ಆಗುತ್ತೆ ಅನ್ನೋ ಭಯ ನಮ್ಮ ಫೀಲ್ಡಲ್ಲೂ ದಶಕಗಟ್ಟಲೆ ಇತ್ತು. ಅದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅಂತ ಎಡ್ನಾ ಫೋವಾ ರೂಪಿಸಿದ ಥೆರಪಿ ಇದೆ, ಆಗಿದ್ದನ್ನ ಕಣ್ಮುಚ್ಚಿ ಈಗ ನಡೀತಿರೋ ಹಂಗೆ ಮತ್ತೆ ಮತ್ತೆ ಹೇಳೋದು, ತಪ್ಪಿಸ್ಕೊಳ್ತಿರೋ ಜಾಗಕ್ಕೆ ಹಂತಹಂತವಾಗಿ ಹೋಗೋದು. ಇದನ್ನೂ ವ್ಯಸನದ ಚಿಕಿತ್ಸೆನೂ ಒಂದೇ ಸೆಷನ್ನಲ್ಲಿ ಹೆಣೆದಿರೋ ಕೋಪ್ ಅನ್ನೋ ವಿಧಾನ ಇದೆ. 2012ರಲ್ಲಿ ಆಸ್ಟ್ರೇಲಿಯಾದ ಕ್ಯಾಥರಿನ್ ಮಿಲ್ಸ್ ತಂಡ 103 ಜನರ ಮೇಲೆ ಇದರದ್ದೊಂದು ಟ್ರಯಲ್ ಪ್ರಕಟಿಸ್ತು. ಬರೀ ಮಾಮೂಲಿ ವ್ಯಸನದ ಚಿಕಿತ್ಸೆ ಸಿಕ್ಕ ಗುಂಪಿಗಿಂತ ಕೋಪ್ ಸಿಕ್ಕವ್ರಿಗೆ ಪಿಟಿಎಸ್‌ಡಿ ಲಕ್ಷಣ ಜಾಸ್ತಿ ಇಳೀತು, ವ್ಯಸನ ಏರಲಿಲ್ಲ. ಆದ್ರೆ ವ್ಯಸನ ಕಮ್ಮಿ ಆಗೋ ವಿಷಯದಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ, ಇದನ್ನೂ ಹೇಳ್ಬೇಕಲ್ವಾ. ಟ್ರಾಮಾ ವಾಸಿಯಾದ್ರೆ ಕುಡಿತ ತಾನಾಗೇ ಬಿಡುತ್ತೆ ಅಂತ ಹೇಳೋರನ್ನೂ ನಂಬಬೇಡಿ. ಅದಕ್ಕೂ ಬೇರೆ ಕೆಲಸ ಮಾಡ್ಲೇಬೇಕು.

ಡಿಟಾಕ್ಸ್, ಅಂದ್ರೆ ಮೈಯನ್ನ ಮದ್ಯದಿಂದ ಬಿಡಿಸೋ ವಿಷಯದಲ್ಲಿ ಸಿಸ್ಟರ್ ಹೇಳಿದ್ದೇ ಸರಿ. ಮೊದಲು ಆಸ್ಪತ್ರೆಲಿ ಸುರಕ್ಷಿತವಾಗಿ ಇಳಿಸ್ಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ವಾರ ಹತ್ತು ದಿನ ಸಾಕು, ಆರು ತಿಂಗಳು ಬೇಡ. ಅಲ್ಲೇ ಟ್ರಾಮಾ ಬಗ್ಗೆನೂ ಮಾತು ಶುರು ಮಾಡ್ಬಹುದು.

ದಿನಕ್ಕೊಂದು
ಮೇಡಂ, ಓದಿದೆ. ಪೂರ್ತಿ ಒಪ್ಪಿದ್ದೀನಿ ಅಂತ ಹೇಳಲ್ಲ. ನಮ್ಮ ಮೀಟಿಂಗಲ್ಲೂ ಜನ ಎದೆ ಬಿಚ್ಚಿ ಹೇಳ್ಕೋತಾರೆ, ಎಷ್ಟೋ ಜನ ಅದ್ರಿಂದ್ಲೇ ಉಳಿದಿದ್ದಾರೆ, ಅಲ್ಲಿ ಯಾವ ಡಾಕ್ಟ್ರೂ ಇರಲ್ಲ.

ಮನೋಪಥ_ಮೈಸೂರು
ಸರ್, ಮೀಟಿಂಗ್ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತೋ ಸ್ಪಾನ್ಸರ್ (ಎಎಲಿ ಹೊಸಬರಿಗೆ ಜೊತೆಯಾಗೋ ಹಳಬರು) ಥರ ನಾವು ಆಗಕ್ಕಾಗಲ್ಲ. ಎರಡೂ ಇರ್ಲಿ. ಮೀಟಿಂಗಲ್ಲಿ ಅಣ್ಣ ಆಕ್ಸಿಡೆಂಟಿನ ಪೂರ್ತಿ ವಿವರ ಹೇಳ್ಬೇಕು ಅಂತ ಒತ್ತಾಯ ಮಾತ್ರ ಬೇಡ, ಅದಕ್ಕೆ ಬೇರೆ ಜಾಗ ಇದೆ.

ಕರಾವಳಿ_ಹುಡ್ಗ
ಎಂಥ ಮಾರಾಯ್ರೆ, ಎಲ್ಲದಕ್ಕೂ ಈಗ ಟ್ರಾಮಾ ಟ್ರಾಮಾ. ನಮ್ಮಜ್ಜನ ಕಾಲದಲ್ಲಿ ದೋಣಿ ಮಗುಚಿ ಎಷ್ಟು ಜನ ಸತ್ತಿಲ್ಲ, ಉಳಿದವ್ರು ಮರುದಿವಸ ಪುನಃ ಕಡಲಿಗೆ ಹೋಗ್ಲಿಲ್ವಾ?

ಕಾಫಿತೋಟ_2018
ಹೋದ್ರು. ಆಮೇಲೆ ಮನೇಲಿ ಏನು ನಡೀತಿತ್ತು ಅಂತ ನಿಮ್ಮಜ್ಜಿ ಹತ್ರ ಕೇಳಿದ್ರಾ?

ನಾನು ಕೊಡಗಿನವಳು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಿದ್ದು ಎಲ್ರಿಗೂ ನೆನಪಿರ್ಬೇಕು, ನಮ್ಮ ಮನೆ ಹೋಗಿದ್ದೂ ಆಗ್ಲೇ. ನನಗೆ ಕುಡಿತ ಇರ್ಲಿಲ್ಲ, ನನ್ನದು ಡಿಪ್ರೆಶನ್ ಜೊತೆಗಿತ್ತು. ಪರಿಹಾರದ ಮನೆಗೆ ಬಂದ್ಮೇಲೆ ಸ್ನಾನ ಮಾಡಕ್ಕೂ ಮನಸ್ಸಿಲ್ಲ, ಮಗಳು ಸ್ಕೂಲಿಂದ ಬಂದ್ರೆ ಊಟ ಹಾಕಕ್ಕೂ ಏಳ್ತಿರ್ಲಿಲ್ಲ. ಶೀಟ್ ಮೇಲೆ ಮಳೆ ಬಿದ್ರೆ ಸಾಕು ಬ್ಯಾಗ್ ಹಿಡ್ಕೊಂಡು ಬಾಗಿಲ ಹತ್ರ ನಿಲ್ತಿದ್ದೆ, ಮನೆಯವ್ರು ಎಳೆದು ಕೂರಿಸ್ಬೇಕಿತ್ತು. ತುಂಬಾ ದಿನ ಬರೀ ಡಿಪ್ರೆಶನ್ ಮಾತ್ರೆ ಕೊಟ್ರು, ಮಳೆ ಬಗ್ಗೆ ಯಾರೂ ಕೇಳ್ಲೇ ಇಲ್ಲ, ನಾನೂ ಹೇಳ್ಲಿಲ್ಲ. ಮಳೆಗೆ ಹೆದ್ರೋದು ಹೇಳ್ಕೊಳ್ಳೋ ವಿಷಯನಾ ಕೊಡಗಲ್ಲಿ.

ಆಮೇಲೆ ಸಿಕ್ಕ ಥೆರಪಿಸ್ಟ್ ಈ ಮೇಲೆ ಹೇಳಿದ್ರಲ್ಲ ಅದೇ ಎಕ್ಸ್‌ಪೋಷರ್ ಮಾಡಿಸಿದ್ರು. ಮೊದಲು ಒಂದು ಪಟ್ಟಿ ಬರೆಸಿದ್ರು, ಸೊನ್ನೆಯಿಂದ ನೂರರವರೆಗೆ ಹೆದರಿಕೆಗೆ ನಂಬರ್ ಕೊಡ್ಬೇಕು. ಫೋನಲ್ಲಿ ಮಳೆ ಸೌಂಡ್ ಕೇಳೋದು ಮೂವತ್ತು, ಶೀಟ್ ಕೆಳಗೆ ಮಳೇಲಿ ಕೂರೋದು ಅರವತ್ತು, ಹಳೇ ಮನೆ ಇದ್ದ ಜಾಗ ನೋಡೋದು ನೂರು. ಕೆಳಗಿಂದ ಶುರು. ಅವತ್ತಿನ ರಾತ್ರಿದು ಹೇಳ್ಬೇಕಿತ್ತು, ಅದನ್ನ ಫೋನಲ್ಲೇ ರೆಕಾರ್ಡ್ ಮಾಡಿ ಮನೇಲಿ ದಿನಾ ಕೇಳೋ ಹೋಂವರ್ಕ್. ಮೊದಲ ವಾರ ರೆಕಾರ್ಡಿಂಗ್ ಕೇಳಿ ವಾಂತಿ ಮಾಡ್ಕೊಂಡೆ, ಬಿಟ್ಬಿಡ್ತೀನಿ ಅಂತ ಮೆಸೇಜ್ ಹಾಕಿದ್ದೆ. ಕೇಳ್ತಾ ಕೇಳ್ತಾ ಒಂದು ದಿನ ನನ್ನ ದನಿನೇ ನನಗೆ ಬೋರ್ ಆಯ್ತು, ಮಧ್ಯ ಎದ್ದು ಕುಕ್ಕರ್ ಆಫ್ ಮಾಡಿ ಬಂದು ಕೂತೆ. ಥೆರಪಿಸ್ಟ್‌ಗೆ ಹೇಳಿದ್ರೆ ಅವ್ರು ಖುಷಿಯಾಗಿ ನಗಕ್ಕೆ ಶುರು ಮಾಡಿದ್ರು.

ಡಿಪ್ರೆಶನ್‌ಗೆ ಅಂತ ದಿನಚರಿ ಬರೆಸ್ತಿದ್ರು, ಬೆಳಿಗ್ಗೆ ಹತ್ತಕ್ಕೆ ಮುಂಚೆ ಸ್ನಾನ, ಸಂಜೆ ಪಕ್ಕದ ಮನೆಗೆ ಹೋಗಿ ಬರೋದು, ಅಷ್ಟೇ. ಎರಡೂ ಒಟ್ಟೊಟ್ಟಿಗೆ ನಡೀತು. ಅವ್ರು ಮಾಡಿದ ಇನ್ನೊಂದು ಒಳ್ಳೆ ಕೆಲಸ, ಎಲ್ಲಾ ಭಯ ಸುಳ್ಳು ಅಂತ ಹೇಳ್ಲಿಲ್ಲ. ರೆಡ್ ಅಲರ್ಟ್ ಇದ್ದು ಜಿಲ್ಲಾಡಳಿತ ಜಾಗ ಖಾಲಿ ಮಾಡಿ ಅಂದ್ರೆ ಹೊರಡ್ಬೇಕು, ಅದು ಕಾಯಿಲೆ ಅಲ್ಲ. ಫೆಬ್ರವರಿಲಿ ಟ್ಯಾಂಕ್ ತುಂಬಿ ಹರಿಯೋ ಸದ್ದಿಗೆ ಬ್ಯಾಗ್ ಹಿಡ್ಕೊಂಡ್ರೆ ಅದು ಬೇರೆ. ಈಗ್ಲೂ ಜುಲೈ ಆಗಸ್ಟಲ್ಲಿ ನಿದ್ದೆ ಅಷ್ಟಕ್ಕಷ್ಟೇ, ಆದ್ರೆ ಮಗಳಿಗೆ ಊಟ ಹಾಕ್ತೀನಿ.

ಕರಾವಳಿ_ಹುಡ್ಗ
ಸಾರಿ ಅಕ್ಕ. ನಾನು ಸುಮ್ನೆ ಹೇಳಿದ್ದು. ಅಜ್ಜ ಕುಡಿದು ಬಂದು ಹೊಡೀತಿದ್ರು ಅಂತ ಅಮ್ಮ ಹೇಳ್ತಿದ್ರು, ಅದನ್ನ ಇದಕ್ಕೆ ಜೋಡಿಸಿ ಯೋಚ್ನೆ ಮಾಡಿರ್ಲಿಲ್ಲ.

ಹೇಮಾವತಿ_ತೀರ
ಅಕ್ಕ ನೀವು ಬರೆದಿದ್ದು ಅಣ್ಣಂಗೆ ಓದಿ ಹೇಳಿದೆ, ಮಧ್ಯ ಎದ್ದು ಹೋಗ್ಲಿಲ್ಲ, ಅದೇ ದೊಡ್ಡ ವಿಷಯ. ಆದ್ರೆ ಅವನು ಅಂದಿದ್ದು ನನ್ದು ಹೆದರಿಕೆ ಅಲ್ಲ ನಾನು ಕೊಂದಿದ್ದೀನಿ ಅಂತ. ಅವತ್ತು ಆ ಹುಡುಗ ಘಾಟಿ ಮೇಲೆ ಟೀಗೆ ನಿಲ್ಸಣ್ಣ ಅಂದನಂತೆ, ಲೋಡ್ ಲೇಟಾಗುತ್ತೆ ಅಂತ ಇವನು ನಿಲ್ಸ್ಲಿಲ್ಲ. ನಿಲ್ಸಿದ್ರೆ ಬದುಕ್ತಿದ್ದ ಅಂತಾನೆ. ಇದನ್ನ ಇವತ್ತೇ ಮೊದಲು ನಾವು ಕೇಳಿದ್ದು, ಅಮ್ಮನೂ ನಾನೂ. ಇದಕ್ಕೆ ಏನು ಹೇಳ್ಬೇಕು? ನಿನ್ ತಪ್ಪಿಲ್ಲ ಅಂದ್ರೆ ಸಿಟ್ಟಾಗ್ತಾನೆ. ಇನ್ನೊಂದು, ನಮ್ಮೂರ ಡಾಕ್ಟ್ರು ನಿದ್ದೆಗೆ ಅಂತ ಆಲ್‌ಪ್ರಾಜೊಲಾಮ್ ಬರೆದುಕೊಟ್ಟಿದ್ದಾರೆ, ಕುಡಿದ ಮೇಲೂ ಅದನ್ನ ನುಂಗ್ತಾನೆ.

ಔಷಧಿ_ಅಂಗಡಿ
ಫಾರ್ಮಸಿಸ್ಟ್ ನಾನು. ಮದ್ಯದ ಮೇಲೆ ಆಲ್‌ಪ್ರಾಜೊಲಾಮ್ ಬೇಡವೇ ಬೇಡ, ಎರಡೂ ಸೇರಿದ್ರೆ ಉಸಿರಾಟನೇ ನಿಧಾನ ಆಗ್ಬಿಡುತ್ತೆ. ಹಂಗಂತ ತುಂಬಾ ದಿನದಿಂದ ತಗೋತಿದ್ರೆ ನೀವಾಗೇ ದಿಢೀರ್ ನಿಲ್ಲಿಸ್ಬೇಡಿ, ಅದಕ್ಕೂ ಫಿಟ್ಸ್ ಬರುತ್ತೆ. ಇವತ್ತೇ ಡಾಕ್ಟರ್ ಹತ್ರ ಮಾತಾಡಿ, ಸೈಕಿಯಾಟ್ರಿಸ್ಟ್‌ಗೆ ಸ್ಟ್ರಿಪ್ಪೇ ತೋರ್ಸಿ.

ಹುಬ್ಬಳ್ಳಿ ಸಿಸ್ಟರ್
ಹೌದ್ರಿ. ಡಿಟಾಕ್ಸ್ ಮಾಡಬೇಕಾರ ವಾರ್ಡಿನ್ಯಾಗ ಅದ ಜಾತಿ ಗುಳಿಗಿ, ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಕೊಡ್ತೀವಿ, ಅದನ್ನ ನೋಡಿ ಮನಿಗೆ ಹೋಗಿ ತಾವ ನುಂಗಾಕ ಶುರು ಮಾಡ್ತಾರ. ಅಲ್ಲಿ ದಿನಾ ಬಿಪಿ ನಾಡಿ ನೋಡಿ ಇಳಿಸ್ಕೋತ ಬಂದು ಬಂದ್ ಮಾಡ್ತಾರ. ಅದು ನಡುಕಕ್ಕ ಕೊಡೂದು, ಟ್ರಾಮಾಕ್ಕಲ್ಲ.

ಮನೋಪಥ_ಮೈಸೂರು
ಪಿಟಿಎಸ್‌ಡಿಗೆ ಆಲ್‌ಪ್ರಾಜೊಲಾಮ್ ಗುಂಪಿನ ಮಾತ್ರೆ ಬೇಡ ಅಂತ ಅಮೆರಿಕದ ಸೈನಿಕರ ಆಸ್ಪತ್ರೆಗಳ ಮಾರ್ಗಸೂಚಿ ಹೇಳುತ್ತೆ, ಆಘಾತ ಆದ ಮೊದಲ ತಿಂಗಳ ಲಕ್ಷಣಗಳಿಗೂ ಅದನ್ನ ಕೊಡ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಲಿ ಹೇಳಿದೆ. ಬೇಕಾದ್ರೆ ಸೆರ್ಟ್ರಾಲಿನ್ ಥರದ್ದು ಸೈಕಿಯಾಟ್ರಿಸ್ಟ್ ಕೊಡ್ತಾರೆ, ಅದು ಡಿಪ್ರೆಶನ್‌ಗೂ ಆಗುತ್ತೆ.

ಟೀ ವಿಷಯ. ಅಣ್ಣ ಅದನ್ನ ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು, ನೀವು ವಾದ ಮಾಡಕ್ಕೆ ಹೋಗ್ಬೇಡಿ. "ನಿನ್ ತಪ್ಪಿಲ್ಲ" ಅಂತ ಊರೆಲ್ಲ ಹೇಳಿರ್ತಾರೆ, ಅವನಿಗೆ ಅದು ನೀವ್ಯಾರೂ ಅವತ್ತು ಅಲ್ಲಿರ್ಲಿಲ್ಲ ಅಂತ ಕೇಳಿಸುತ್ತೆ. ಕೇಳಿಸ್ಕೊಂಡು ಸುಮ್ನೆ ಕೂತ್ಕೊಂಡ್ರೂ ಸಾಕು. ಇಂಥ ಅಪರಾಧಿ ಭಾವಕ್ಕೆ ಪೆಟ್ರೀಶಿಯಾ ರೆಸಿಕ್ ಶುರು ಮಾಡಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಸಿಪಿಟಿ ಅಂತೀವಿ, ಚೆನ್ನಾಗಿ ಹೊಂದುತ್ತೆ, ಮಾಮೂಲಾಗಿ 12 ಸೆಷನ್. ಘಟನೆನ ವಿವರವಾಗಿ ಹೇಳ್ಲೇಬೇಕು ಅಂತನೂ ಇಲ್ಲ. "ಟೀಗೆ ನಿಲ್ಸಿದ್ರೆ ಬದುಕ್ತಿದ್ದ" ಅನ್ನೋ ವಾಕ್ಯ ತಗೊಂಡು ನಿಧಾನಕ್ಕೆ ಪ್ರಶ್ನೆ ಕೇಳ್ತೀವಿ. ನಿಲ್ಸ್ದೆ ಇರೋ ತೀರ್ಮಾನ ಮಾಡಿದ ಕ್ಷಣದಲ್ಲಿ ನಿನಗೆ ಏನೇನು ಗೊತ್ತಿತ್ತು? ರೋಡ್ ಹೆಂಗಿತ್ತು, ಲೋಡ್ ಟೈಮ್ ಯಾರು ಫಿಕ್ಸ್ ಮಾಡಿದ್ದು, ಮುಂಚೆ ಎಷ್ಟು ಸಲ ಟೀಗೆ ನಿಲ್ಸ್ದೆ ಇಳಿದಿದ್ದೀಯ? ಸಾಯ್ಲಿ ಅಂತ ನಿಲ್ಸ್ಲಿಲ್ವಾ, ಲೇಟಾಗುತ್ತೆ ಅಂತ ನಿಲ್ಸ್ಲಿಲ್ವಾ? ಉತ್ತರ ನಾವು ಕೊಡಲ್ಲ, ಅವನೇ ಹುಡುಕ್ಬೇಕು. ನಿಜವಾಗ್ಲೂ ಅವನ ಪಾಲಿನ ತಪ್ಪು ಏನಾದ್ರೂ ಇದ್ರೆ, ಸ್ಪೀಡ್ ಜಾಸ್ತಿ ಇತ್ತು ಅಂದ್ಕೊಳ್ಳಿ, ಅದನ್ನೂ ಮುಚ್ಚಿಡಲ್ಲ, ಅದಕ್ಕೆ ದುಃಖ ಪಡಕ್ಕೂ ಜಾಗ ಬೇಕಲ್ಲ. ಓದು ಬರಹ ಕಮ್ಮಿ ಇದ್ರೆ ಹೋಂವರ್ಕ್ ಶೀಟನ್ನ ಬಾಯಲ್ಲೇ ಹೇಳಿಸಿ ವಾಯ್ಸ್ ನೋಟಲ್ಲಿ ಮಾಡಿಸ್ತೀವಿ.

ಒಂದು ಮಾತ್ರ ನೇರವಾಗಿ ಕೇಳಿ: ಸಾಯ್ಬೇಕು ಅನ್ಸುತ್ತಾ ಅಂತ. ಕೇಳಿದ್ರೆ ಐಡಿಯಾ ಕೊಟ್ಟಂಗಾಗಲ್ಲ. ತೋಟದ ಮನೆ ಅಂದ್ರಿ, ಬೆಳೆಗೆ ಹೊಡೆಯೋ ಔಷಧಿ ಡಬ್ಬ ಎಲ್ಲಿಟ್ಟಿದ್ದೀರ? ಬೀಗ ಹಾಕಿ, ಕೀ ಅವನ ಕೈಗೆ ಸಿಗಬಾರ್ದು. ಏನೇ ಅನುಮಾನ ಬಂದ್ರೂ 14416, ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ.

ಆಫೀಸ್_ಟೈಮ್
ಬೆಂಗಳೂರಲ್ಲಿ ಪ್ರೈವೇಟ್ ಸೆಷನ್ ಸಾವಿರದ ಮೇಲೇನೇ, 12 ಸೆಷನ್ ಅಂದ್ರೆ ಡ್ರೈವರ್ ಮನೆಗೆ ಸಾಧ್ಯನಾ? ಮೊದಲು ಅದನ್ನ ಹೇಳಿ.

ಮನೋಪಥ_ಮೈಸೂರು
ನ್ಯಾಯವಾದ ಪ್ರಶ್ನೆ. ಜಿಲ್ಲಾಸ್ಪತ್ರೆಲಿ ಮನೋವೈದ್ಯರ ವಿಭಾಗ ಇರುತ್ತೆ, ಡಿಟಾಕ್ಸ್ ಅಲ್ಲೇ ಆಗುತ್ತೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ನಿಮ್ಮ ತಾಲೂಕಲ್ಲಿ ಈಗ ನಡೀತಿದ್ಯಾ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ಕೇಂದ್ರ ಇದೆ, ಧಾರವಾಡ ಕಡೆಯವ್ರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಎಲ್ಲಾ ಕಡೆ ಸಿಪಿಟಿ ಗೊತ್ತಿರೋರು ಸಿಗ್ತಾರೆ ಅಂತ ಸುಳ್ಳು ಹೇಳಲ್ಲ, ನಮ್ಮ ರಾಜ್ಯದಲ್ಲಿ ಅದೇ ದೊಡ್ಡ ಕೊರತೆ. ಬೋರ್ಡ್ ಹಾಕ್ಕೊಂಡಿರೋ ಎಲ್ರೂ ಥೆರಪಿಸ್ಟ್ ಅಲ್ಲ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಸಂಸ್ಥೆ) ರಿಜಿಸ್ಟ್ರೇಷನ್ ನಂಬರ್ ಕೇಳಿ, ಟ್ರಾಮಾಕ್ಕೆ ಯಾವ ವಿಧಾನ ಮಾಡ್ತೀರ ಅಂತ ಕೇಳಿ, ಕುಡಿತ ಇರೋರನ್ನ ನೋಡ್ತೀರಾ ಅಂತ ಮೊದಲೇ ಫೋನಲ್ಲಿ ಕೇಳಿ. ಅರ್ಧ ಓಡಾಟ ಉಳಿಯುತ್ತೆ.

ತಕ್ಷಣಕ್ಕೆ ಟ್ರಾಮಾ ಥೆರಪಿಸ್ಟ್ ಸಿಗ್ದೇ ಹೋದ್ರೆ ಸೀಕಿಂಗ್ ಸೇಫ್ಟಿ ಥರದ್ದು ಮಾಡೋರು ಸಿಗಬಹುದು, ಲಿಸಾ ನಜಾವಿಟ್ಸ್ ಮಾಡಿದ್ದು, 25 ವಿಷಯ ಇದೆ, ಹಳೇದನ್ನ ಕೆದಕದೆ ಇವತ್ತಿನ ದಿನ ಹೆಂಗೆ ಕಳೆಯೋದು ಅಂತ ಕಲಿಸುತ್ತೆ. 353 ಹೆಂಗಸರ ಮೇಲೆ ಮಾಡಿದ ಟ್ರಯಲಲ್ಲಿ ಅದು ಆರೋಗ್ಯ ಶಿಕ್ಷಣದ ಗುಂಪಿಗಿಂತ ಮೇಲೇನೂ ಆಗ್ಲಿಲ್ಲ, ಆದ್ರೂ ಖಾಲಿ ಕೂರೋದಕ್ಕಿಂತ ವಾಸಿ ಅಂತ ನನ್ನ ಅಭಿಪ್ರಾಯ. ಮತ್ತೆ ಆಕ್ಸಿಡೆಂಟಲ್ಲಿ ತಲೆಗೆ ಪೆಟ್ಟು ಬಿದ್ದಿತ್ತಾ? ಸಿಟ್ಟು, ಮರೆವು, ನಿದ್ದೆ ಇಲ್ದೇ ಇರೋದು ಅದ್ರಿಂದನೂ ಇರುತ್ತೆ.

ಹೇಮಾವತಿ_ತೀರ
ಸಿಟಿ ಸ್ಕ್ಯಾನ್ ಮಾಡಿದ್ರು, ಏನಿಲ್ಲ ಅಂದಿದ್ರು. ಪೇಪರ್ ಇದೆ. ಔಷಧಿ ಡಬ್ಬ ಮಾವನ ಮನೆಗೆ ಸಾಗಿಸಿದ್ವಿ. ಕೇಳ್ದೆ ಅವನನ್ನ, ಕೆಲವೊಂದು ಸಲ ಅನ್ಸುತ್ತೆ ಮಾಡ್ಕೊಳಲ್ಲ ಅಂದ. 14416ಕ್ಕೆ ಅಮ್ಮನ ಫೋನಿಂದ ಮಾಡಿ ಅವನ ಕೈಗೆ ಕೊಟ್ಟೆ, ಹಿತ್ಲಿಗೆ ಹೋಗಿ ಮಾತಾಡಿದ, ಏನಂತ ನಮಗೆ ಹೇಳ್ಲಿಲ್ಲ. ಜಿಲ್ಲಾಸ್ಪತ್ರೆಲಿ ಅಡ್ಮಿಟ್ ಆಗಕ್ಕೆ ಒಪ್ಪಿದ್ದಾನೆ ಆದ್ರೆ ಮುಂದಿನ ತಿಂಗಳು ಕೋರ್ಟ್ ಡೇಟ್ ಇದೆ, ಅದು ಮುಗೀಲಿ ಆಮೇಲೆ ಅಂತಾನೆ.

ದಿನಕ್ಕೊಂದು
ತಂಗಿ, ಡೇಟ್ ಮುಗೀಲಿ, ಹಬ್ಬ ಮುಗೀಲಿ, ಇದೆಲ್ಲ ನಾವೂ ಹೇಳಿದ್ದೇ. ಈಗ್ಲೇ ಹೋಗ್ಲಿ. ಕೋರ್ಟಿಗೆ ಹೋಗೋ ದಿನ ಬೇಕಾದ್ರೆ ನಾನೇ ಬಂದು ಅವನ ಜೊತೆ ಕೂರ್ತೀನಿ, ನಾನು ಅರಸೀಕೆರೆ. ಮೆಸೇಜ್ ಹಾಕಿ.

ಮನೋಪಥ_ಮೈಸೂರು
ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕೋರ್ಟ್ ದಿನ ಕನಸು, ಕುಡಿತ ಎರಡೂ ಏರೋ ಚಾನ್ಸ್ ಇದೆ, ದಿನಾಂಕ ಮೊದಲೇ ಗೊತ್ತಿರೋದ್ರಿಂದ ತಯಾರಿ ಮಾಡ್ಕೋಬಹುದು. ವಕೀಲರಿಗೆ ಹೇಳಿ, ಅಡ್ಮಿಟ್ ಆದ್ರೆ ಆಸ್ಪತ್ರೆ ಸರ್ಟಿಫಿಕೇಟ್ ಕೊಟ್ಟು ಡೇಟ್ ಮುಂದೂಡಕ್ಕೆ ಅರ್ಜಿ ಹಾಕ್ಬಹುದು.

ಹುಬ್ಬಳ್ಳಿ ಸಿಸ್ಟರ್
ಅಡ್ಮಿಟ್ ಮಾಡಾಕ ಹೋಗೂ ದಿನ ಮುಂಜಾನೆ ಕುಡದಾನಂತ ಬೈಕೋತ ನಿಂದ್ರಬ್ಯಾಡ್ರಿ, ಕುಡದಿದ್ರೂ ಕರಕೊಂಡು ಹೋಗ್ರಿ. ಕೊನೀಗೆ ಎಷ್ಟೊತ್ತಿಗೆ ಕುಡದ ಅನ್ನೂದು ಬರದಿಟ್ಕೋರಿ, ಡಾಕ್ಟ್ರು ಮೊದ್ಲ ಅದನ್ನ ಕೇಳ್ತಾರ. ಹಳೆ ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನ್ ಪೇಪರ್, ಆ ಆಲ್‌ಪ್ರಾಜೊಲಾಮ್ ಸ್ಟ್ರಿಪ್ಪು, ಆಧಾರ್, ಬಿಪಿಎಲ್ ಕಾರ್ಡು, ಒಂದು ಲುಂಗಿ, ಟವೆಲ್ಲು. ರಾತ್ರಿ ಜೊತಿಗೆ ಒಬ್ರು ಗಂಡಸ್ರು ಇರ್ಬೇಕಾಗತೈತಿ, ಮಾವಗ ಹೇಳಿಡ್ರಿ.